ಮೃಗಶಿರದ ಕೆಳಗಣ ಮಂಜು

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಾಗಲಿ, ಕೃಷ್ಣರಾಜನಗರದ ಗದ್ದೆಬಯಲಿನಲ್ಲಾಗಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ರಾಗಿಹೊಲಗಳಲ್ಲಾಗಲಿ, ಮೃಗಶಿರವೆಂದರೆ ಮೊದಲು ನೆನಪಿಗೆ ಬರುವುದು ಮಳೆ. ಜೂನ್ ತಿಂಗಳ ಮೊದಲ ವಾರ ಕಳೆಯುತ್ತಲೇ ಸೂರ್ಯನು ಆ ನಕ್ಷತ್ರವನ್ನು ಪ್ರವೇಶಿಸುತ್ತಾನೆ. ರೈತನು ಮುಗಿಲನ್ನು ನೋಡುತ್ತಾನೆ. ಆದರೆ ಆ ದಿನಗಳಲ್ಲಿ ಮೃಗಶಿರವು ಕಣ್ಣಿಗೆ ಬೀಳುವಂತಿಲ್ಲ. ಸೂರ್ಯನೊಡನೆ ಹುಟ್ಟಿ ಸೂರ್ಯನೊಡನೆಯೇ ಮುಳುಗುತ್ತದೆ. ಹೆಸರಿನಿಂದ ಇಷ್ಟು ಪರಿಚಿತವಾದುದನ್ನು ಕಣ್ಣಾರೆ ಕಾಣಬೇಕಾದರೆ ಸುಗ್ಗಿಯ ಚಳಿಯ ರಾತ್ರಿಗಳನ್ನು ಕಾಯಬೇಕು.

ಆಗ ಕಾಣುವ ದೊಡ್ಡ ನಕ್ಷತ್ರಪುಂಜವನ್ನು ಕನ್ನಡದಲ್ಲಿ ಮಹಾವ್ಯಾಧನೆಂದು ಕರೆಯುತ್ತಾರೆ. ಮೃಗಶಿರವು ಅವನ ತಲೆ. ನಡುವಿನಲ್ಲಿ ಸಾಲಾಗಿರುವ ಮೂರು ತಾರೆಗಳು ಅವನ ನಡುಪಟ್ಟಿ. ಅದರಿಂದ ತೂಗುಬಿದ್ದಂತಿರುವ ಮಂಕಾದ ತಾರೆಗಳು ಅವನ ಖಡ್ಗ. ಆ ಖಡ್ಗದ ಮಧ್ಯಭಾಗವನ್ನು ದೃಷ್ಟಿಯಿಟ್ಟು ನೋಡಿದರೆ ಅದು ಚುಕ್ಕೆಯಂತಿರದೆ, ಉಸಿರು ತಾಗಿದ ಕನ್ನಡಿಯಂತೆ ಮಬ್ಬಾಗಿ ತೋರುತ್ತದೆ. ಇದೇ ನೀಹಾರಿಕೆ. ನೀಹಾರವೆಂದರೆ ಮಂಜು. ಲಕ್ಷ್ಮಣತೀರ್ಥದ ಮೇಲೆ ಮಾರ್ಗಶಿರದ ಬೆಳಗಿನಲ್ಲಿ ಕವಿಯುವ ಮಂಜನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ಹೇಳಬೇಕಾಗಿಲ್ಲ.

ಈ ಮಂಜು ನಿಜವಾಗಿಯೂ ಮಂಜೆ, ಅಥವಾ ದೂರದ ದೆಸೆಯಿಂದ ಬೇರೆಬೇರೆಯಾಗಿ ಕಾಣದ ನಕ್ಷತ್ರಗಳ ಗುಂಪೆ? ಮೇಲುನೋಟಕ್ಕೆ ಇದು ಪಂಡಿತರ ಕಾಲಕ್ಷೇಪದ ಪ್ರಶ್ನೆಯೆನಿಸಬಹುದು. ಆದರೆ ಅದು ಮಂಜೇ ಆದ ಪಕ್ಷದಲ್ಲಿ, ನಕ್ಷತ್ರಗಳಾಗಬೇಕಾದ ದ್ರವ್ಯವು ಇನ್ನೂ ಉಳಿದಿದೆ, ಸೃಷ್ಟಿಕಾರ್ಯವು ನಡೆಯುತ್ತಲೇ ಇದೆ ಎಂದು ಹೇಳಲು ಒಂದು ಆಧಾರ ದೊರೆತಂತಾಯಿತು.

ದೂರದರ್ಶಕದಿಂದ ಇದನ್ನು 1610ರಲ್ಲಿ ಮೊದಲು ಗುರುತಿಸಿದವನು ಫ್ರಾನ್ಸಿನ ಪೆರೆಸ್ಕ್. ಅದೇ ವರ್ಷ ಗೆಲಿಲಿಯೊ ಇದೇ ಖಡ್ಗದ ತಾರೆಗಳನ್ನು ಎಣಿಸಿ ಪ್ರಕಟಿಸಿದನಾದರೂ ಮಂಜಿನ ಮಾತನ್ನೆತ್ತಲಿಲ್ಲ. ಇದು ಇಂದಿಗೂ ಸೋಜಿಗವೇ. 1656ರಲ್ಲಿ ಹೈಗೆನ್ಸನು ಕಂಡು, 1659ರಲ್ಲಿ ಅದರ ಚಿತ್ರವನ್ನು ಅಚ್ಚು ಹಾಕಿಸಿದನು. ಹದಿನೆಂಟನೆಯ ಶತಮಾನದ ಕೊನೆಗೆ ವಿಲಿಯಂ ಹರ್ಷೆಲನು ಇದು ಮುಂದಿನ ಸೂರ್ಯರಿಗೆ ಮೂಲದ್ರವ್ಯವೆಂದು ಊಹಿಸಿದನು. ಆದರೆ ಐರ್ಲೆಂಡಿನಲ್ಲಿ ಲಾರ್ಡ್ ರಾಸ್‌ನು ಆರು ಅಡಿ ಅಗಲದ ಕನ್ನಡಿಯ ದೂರದರ್ಶಕವನ್ನು 1845ರಲ್ಲಿ ಸಿದ್ಧಪಡಿಸಿದ ಮೇಲೆ, ಈ ಮಂಜು ನಕ್ಷತ್ರಗಳಾಗಿ ಒಡೆದು ಕಂಡಿತೆಂಬ ವಾರ್ತೆ ಹರಡಿತು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದವರೂ ಹಾಗೆಯೇ ಹೇಳಿದರು. ನೀಹಾರಿಕಾವಾದವು ಬಿದ್ದುಹೋಯಿತೆಂದು ಅನೇಕರು ಭಾವಿಸಿದರು. ಯಂತ್ರವು ದೊಡ್ಡದಾದ ಮಾತ್ರಕ್ಕೆ ನೋಡುವವನ ನಿರೀಕ್ಷೆಯು ಸುಮ್ಮನಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ತೀರ್ಪು ಬಂದದ್ದು ಎಂಟು ಅಂಗುಲದ ಒಂದು ಸಣ್ಣ ದೂರದರ್ಶಕದಿಂದ. ಲಂಡನ್ನಿನ ಹೊರವಲಯದ ತನ್ನ ಮನೆಯಲ್ಲಿ ವಿಲಿಯಂ ಹಗಿನ್ಸನು ಅದಕ್ಕೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಪಟ್ಟಕವನ್ನು ಜೋಡಿಸಿದ್ದನು. ನಕ್ಷತ್ರದ ಬೆಳಕು ಹಾಗೆ ಬಿಡಿಸಿದಾಗ ಅಖಂಡವಾದ ಬಣ್ಣದ ಪಟ್ಟಿಯಾಗುತ್ತದೆ. ಬಿಸಿಯಾದ ವಿರಳ ಅನಿಲದ್ದು ಕೆಲವೇ ಹೊಳೆಯುವ ಗೆರೆಗಳಾಗುತ್ತದೆ. 1864ರ ಆಗಸ್ಟ್ 29ರ ರಾತ್ರಿ ಬೇರೊಂದು ನೀಹಾರಿಕೆಯನ್ನು ಪರೀಕ್ಷಿಸಿದಾಗ ಕಂಡದ್ದು ಗೆರೆಗಳು. ಮುಂದೆ ಮಹಾವ್ಯಾಧನ ಖಡ್ಗಕ್ಕೂ ಅದೇ ಪರೀಕ್ಷೆ, ಅದೇ ಉತ್ತರ. ಮಂಜು ಮಂಜೇ ಆಗಿತ್ತು.

ಆದರೆ ಅದರ ಎರಡು ಹಸುರು ಗೆರೆಗಳು ಭೂಮಿಯ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. 'ನೆಬ್ಯುಲಿಯಂ' ಎಂಬ ಹೊಸ ವಸ್ತುವನ್ನೇ ಕಲ್ಪಿಸಿದರು. ಆರು ದಶಕಗಳ ಬಳಿಕ, 1927ರಲ್ಲಿ, ಐರಾ ಬೋವೆನ್ ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕವೆಂದು ತೋರಿಸಿಕೊಟ್ಟನು: ನಾವು ಉಸಿರಾಡುವ ಆಮ್ಲಜನಕವೇ! ನಮ್ಮ ಗಾಳಿಯಲ್ಲಿ ಪರಮಾಣುಗಳು ಎಡೆಬಿಡದೆ ಒಂದಕ್ಕೊಂದು ತಾಗುವುದರಿಂದ ಆ ಬೆಳಕು ಹೊರಡಲು ಬಿಡುವೇ ದೊರೆಯದು. ನೀಹಾರಿಕೆಯಲ್ಲಿ ಒಂದು ಘನ ಸೆಂಟಿಮೀಟರಿಗೆ ಕೆಲವು ಸಾವಿರ ಪರಮಾಣುಗಳಿದ್ದರೆ ಹೆಚ್ಚು. ಅದರ ಮುಂದೆ ಲಕ್ಷ್ಮಣತೀರ್ಥದ ಮಂಜು ಕಲ್ಲುಗೋಡೆಯೇ ಸರಿ. ನಟ್ಟನಡುವೆ ಇರುವ ನಾಲ್ಕು ಎಳೆಯ ತಾರೆಗಳ, ಮುಖ್ಯವಾಗಿ ಅವುಗಳಲ್ಲಿ ಅತಿ ಪ್ರಖರವಾದ ಒಂದರ, ನೇರಿಳಾತೀತ ಕಿರಣಗಳೇ ಈ ಅನಿಲವನ್ನೆಲ್ಲ ಬೆಳಗಿಸುತ್ತಿರುವುವು.

ಇನ್ನು ಧೂಳು. ನಡುಪಟ್ಟಿಯ ಪೂರ್ವದ ತಾರೆಯ ಬಳಿ, ಕುದುರೆಯ ತಲೆಯಾಕಾರದ ಕಪ್ಪು ಕಲೆಯೊಂದನ್ನು 1888ರಲ್ಲಿ ಹಾರ್ವರ್ಡಿನ ಛಾಯಾಚಿತ್ರಫಲಕದಲ್ಲಿ ವಿಲಿಯಮಿನಾ ಫ್ಲೆಮಿಂಗ್ ಎಂಬಾಕೆ ಗುರುತಿಸಿದಳು. ಅದು ಆಕಾಶದಲ್ಲಿ ಬಿದ್ದ ತೂತಲ್ಲ. ಹಿಂದಿನ ಬೆಳಕನ್ನು ಮರೆಮಾಡುವ ಧೂಳಿನ ಮೋಡ. 1930ರಲ್ಲಿ ಟ್ರಂಪ್ಲರ್ ಇಂಥ ಧೂಳು ನಕ್ಷತ್ರಗಳ ನಡುವೆಯೆಲ್ಲ ಚದುರಿದೆಯೆಂದು ಸ್ಥಾಪಿಸಿದನು. ಮಸಿಯಷ್ಟು ಸಣ್ಣ ಕಣಗಳು. ಆದರೂ ಅವೇ ಮೋಡದ ಒಡಲನ್ನು ಬೆಳಕಿನಿಂದ ಕಾಪಾಡಿ ತಂಪಾಗಿಡುತ್ತವೆ. ತಂಪಾದ ಅನಿಲ ಮಾತ್ರವೇ ತನ್ನ ಭಾರಕ್ಕೆ ತಾನು ಕುಸಿದು ನಕ್ಷತ್ರವಾಗಬಲ್ಲುದು. ಶಾಖಕಿರಣಗಳು ಈ ಧೂಳನ್ನು ತೂರಿ ಬರುತ್ತವೆ. 1967ರಲ್ಲಿ ಬೆಕ್ಲಿನ್, ನ್ಯೂಗೆಬಾವರ್ ಎಂಬಿಬ್ಬರು ಆ ಕಿರಣಗಳ ಮೂಲಕ, ಖಡ್ಗದ ನೀಹಾರಿಕೆಯ ಹಿಂದಿನ ಮೋಡದಲ್ಲಿ ಅಡಗಿದ್ದ ಎಳೆಯ ನಕ್ಷತ್ರವೊಂದನ್ನು ಪತ್ತೆಮಾಡಿದರು. ಹರ್ಷೆಲನ ಊಹೆಗೆ ಹೀಗೆ ಸಾಕ್ಷಿ ಒದಗಿತು.

ನಮ್ಮ ನಾಡಿಗೂ ಈ ಶೋಧದಲ್ಲಿ ಪಾಲುಂಟು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ನಕ್ಷತ್ರಗಳು ಹುಟ್ಟುವ ಎಡೆಗಳನ್ನೂ ಅದರಿಂದ ಪರೀಕ್ಷಿಸಿದ್ದಾರೆ.

ಜನವರಿಯ ಕೊನೆಯಲ್ಲಿ, ಚಂದ್ರನಿಲ್ಲದ ದಿನ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಮಹಾವ್ಯಾಧನು ನೆತ್ತಿಯ ಸಮೀಪದಲ್ಲಿ, ತುಸು ದಕ್ಷಿಣಕ್ಕೆ ಸರಿದು ನಿಂತಿರುತ್ತಾನೆ. ಪೇಟೆಯ ದೀಪಗಳ ನಡುವೆ ಖಡ್ಗವು ಕಾಣುವುದು ಕಷ್ಟ. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿ ಬರಿಗಣ್ಣೇ ಸಾಕು. ಸಾಧಾರಣ ದುರ್ಬೀನು ಇದ್ದರೆ ಮಂಜಿನ ಹರಹೂ ತಿಳಿಯುತ್ತದೆ. ಹಾಗೆ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟು ಸುಮಾರು 1,300 ವರ್ಷಗಳಾದುವು. ಆಗ ಕನ್ನಡನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು.