ಬೂಟು ಮತ್ತು ಬೂಟ್

ಕಾಲಿಗೆ ಹಾಕುವುದು ಬೂಟು, ಕಂಪ್ಯೂಟರ್ ಆಗುವುದು ಬೂಟ್. ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಪದ. ಕನ್ನಡದ ಬಾಯಲ್ಲಿ ಕೊನೆಯ ಉಕಾರವೊಂದು ಅವನ್ನು ಬೇರೆ ಮಾಡಿಬಿಟ್ಟಿದೆ. ಬಸ್ಸು, ಕಾರು, ಲೈಟುಗಳಂತೆ ಬೂಟು ಕೂಡ ನಮ್ಮ ಜಾಯಮಾನಕ್ಕೆ ತಕ್ಕಂತೆ ಸ್ವರಾಂತವಾಯಿತು. ‘ಬೂಟುಗಾಲು’ ಎಂಬ ಸಮಾಸಕ್ಕೂ ಒಗ್ಗಿತು. ಕಂಪ್ಯೂಟರಿನ ಜೊತೆ ತಡವಾಗಿ ಬಂದ ಬೂಟ್ ವ್ಯಂಜನದಲ್ಲೇ ನಿಂತಿತು. ‘ಸಿಸ್ಟಮ್ ಆನ್ ಆಗ್ತಿದೆ, ಬೂಟ್ ಆಗ್ತಿಲ್ಲ’ ಅನ್ನುತ್ತೇವೆ; ‘ಬೂಟು ಆಗ್ತಿಲ್ಲ’ ಅಂದವರನ್ನು ನಾನು ಕಂಡಿಲ್ಲ.

ಪಾದರಕ್ಷೆಯ ಬೂಟು ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅದಕ್ಕೂ ಮೊದಲೇ ಇಂಗ್ಲಿಷಿನಲ್ಲಿ ಇನ್ನೊಂದು ಬೂಟ್ ಇತ್ತು: ಪರಿಹಾರ, ದುರಸ್ತಿ ಎಂಬರ್ಥದ ಅಪ್ಪಟ ಜರ್ಮಾನಿಕ್ ಪದ, ‘ಬೆಟರ್’ ಎಂಬುದರ ಬಂಧು. ಕೆಟ್ಟ ಬೂಟನ್ನು ಸರಿಪಡಿಸುವವರಿಗೆ ಈ ಎರಡನೆಯದನ್ನೇ ಮೂಲವೆಂದುಕೊಳ್ಳುವ ಆಸೆಯಾದೀತು. ಆದರೆ ಇವೆರಡಕ್ಕೂ ನಂಟಿಲ್ಲ. ಕಂಪ್ಯೂಟರಿನ ಬೂಟ್ ಚರ್ಮದ ಬೂಟಿನ ವಂಶದ್ದೇ.

ಆ ವಂಶದ ಕೊಂಡಿ ಒಂದು ಪಟ್ಟಿ. ಎತ್ತರದ ಬೂಟನ್ನು ಎಳೆದು ಹಾಕಿಕೊಳ್ಳಲೆಂದು ಅದರ ಬಾಯಂಚಿಗೆ ಕುಣಿಕೆಯಂತೆ ಹೊಲಿದಿರುತ್ತಾರಲ್ಲ, ಅದು ಬೂಟ್‌ಸ್ಟ್ರಾಪ್. 1834ರಲ್ಲಿ ಅಮೆರಿಕದಲ್ಲೊಬ್ಬ ನಿರಂತರ ಚಲನೆಯ ಯಂತ್ರ ಕಂಡುಹಿಡಿದೆ ಎಂದಾಗ, ಹಾಗಾದರೆ ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಎತ್ತಿಕೊಂಡು ನದಿ ದಾಟಿಯಾನು ಎಂದು ಪತ್ರಿಕೆಯೊಂದು ಗೇಲಿ ಮಾಡಿತ್ತು. ಆಗದ ಮಾತಿಗೆ ಅದೊಂದು ಹೆಸರು. ಮುಂದೆ ಅದೇ ಮಾತು, ಯಾರ ಹಂಗೂ ಇಲ್ಲದೆ ಮೇಲೆ ಬಂದವರ ಹೊಗಳಿಕೆಯಾಗಿ ತಿರುಗಿಕೊಂಡಿತು. ನನಗೆ ಹಳೆಯ ಅರ್ಥವೇ ಹೆಚ್ಚು ನಿಜವೆನಿಸುತ್ತದೆ. ಕಂಪ್ಯೂಟರಿನ ಕಥೆಯೂ ಅದನ್ನೇ ಹೇಳುತ್ತದೆ.

ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮ್ ನಡೆಯಬೇಕಾದರೆ ಅದು ಮೆಮರಿಯಲ್ಲಿರಬೇಕು. ಮೆಮರಿಗೆ ತರಲು ಇನ್ನೊಂದು ಪ್ರೋಗ್ರಾಮ್ ಬೇಕು. ಅದನ್ನು ತರುವವರು ಯಾರು? 1952ರಲ್ಲಿ ಪ್ರಕಟವಾದ ಐಬಿಎಂ 701 ಯಂತ್ರದಲ್ಲಿ ಇದಕ್ಕೆಂದೇ ಒಂದು ಲೋಡ್ ಬಟನ್ ಇತ್ತು. ಒತ್ತಿದರೆ ಕಾರ್ಡು, ಟೇಪು ಅಥವಾ ಡ್ರಮ್ಮಿನಿಂದ ಒಂದು ತುಣುಕು ಮಾತ್ರ ಒಳಬರುತ್ತಿತ್ತು. ಆ ತುಣುಕು ಮುಂದಿನದನ್ನು ಎಳೆದುಕೊಳ್ಳುತ್ತಿತ್ತು. 1953ರ ಲೇಖನವೊಂದರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ಇದನ್ನು ಬೂಟ್‌ಸ್ಟ್ರಾಪ್ ತಂತ್ರವೆಂದು ಕರೆದರು. ‘ಬೈಟ್’ ಪದವನ್ನು ಟಂಕಿಸಿದವರೂ ಇವರೇ. 1970ರ ದಶಕದ ಹೊತ್ತಿಗೆ ಪಟ್ಟಿ ಕಳಚಿಬಿದ್ದು ಬರೀ ಬೂಟ್ ಉಳಿಯಿತು. ಗಮನಿಸಿ, ಯಂತ್ರ ತನ್ನನ್ನು ತಾನೇ ಎತ್ತಿಕೊಳ್ಳಲಿಲ್ಲ. ಮೊದಲ ತುಣುಕಿಗೆ ಹೊರಗಿನ ಬೆರಳು ಬೇಕೇ ಬೇಕಿತ್ತು.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಈ ಮೊದಲ ತುಣುಕಿನ ಬೆಲೆ ಗೊತ್ತು. ಹಳೆಯ ಬಯೋಸ್ ಯಂತ್ರಗಳಲ್ಲಿ ಅದು ಡಿಸ್ಕಿನ ಮೊದಲ 512 ಬೈಟುಗಳ ಸೆಕ್ಟರಿನಲ್ಲಿ ಕೂತಿರುತ್ತದೆ. ಅದರಲ್ಲೂ 446 ಬೈಟು ಮಾತ್ರ ಈ ತುಣುಕಿನ ಪಾಲು. ಉಳಿದದ್ದರಲ್ಲಿ ಪಾರ್ಟಿಶನ್ ಪಟ್ಟಿ 64 ಬೈಟು, ಕೊನೆಯ 2 ಬೈಟು ಗುರುತಿನ ಮುದ್ರೆ. ವಿಂಡೋಸನ್ನು ಹೊಸದಾಗಿ ಹಾಕಿದರೆ ಅದು ಈ ಜಾಗದಲ್ಲಿ ತನ್ನ ತುಣುಕನ್ನು ಬರೆದುಕೊಳ್ಳುತ್ತದೆ. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುತ್ತಿದ್ದ, ಲಿನಕ್ಸಿನ ಬೂಟ್‌ಲೋಡರ್ ಆದ ಗ್ರಬ್‌ನ ಮೆನು ಕಾಣೆಯಾಗುತ್ತದೆ. ಹೊಸ ಯುಇಎಫ್ಐ ಯಂತ್ರಗಳಲ್ಲಾದರೆ ಎಷ್ಟೋ ಸಲ ಬೂಟ್ ಸರದಿಯಲ್ಲಿ ವಿಂಡೋಸ್ ಮೇಲಕ್ಕೆ ಹೋಗಿರುತ್ತದೆ, ಅಷ್ಟೆ. ಸೆಟಪ್ಪಿಗೆ ಹೋಗಿ ಸರದಿ ಬದಲಿಸಿದರೆ ಸಾಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಮೆನು ಹೋದ ಮಾತ್ರಕ್ಕೆ ಲಿನಕ್ಸ್ ಹೋಗಿಲ್ಲ. ಅದರ ಪಾರ್ಟಿಶನ್ನನ್ನು ಅಳಿಸದಿದ್ದರೆ ಫೋಟೋ, ಕಡತ, ಕೆಲಸ ಎಲ್ಲ ಇದ್ದಲ್ಲೇ ಇವೆ. ದಾರಿ ತೋರಿಸುವ ತುಣುಕು ಮಾತ್ರ ಇಲ್ಲ. ಆದರೂ ಅಂಗಡಿಯಲ್ಲಿ ‘ಫಾರ್ಮ್ಯಾಟ್ ಹೊಡೀಬೇಕು’ ಎಂದರೆ ಒಪ್ಪಿ ಬರುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಬೂಟ್ ಆಗದ್ದನ್ನು ಸರಿಮಾಡಲು ಬೇಕಾದದ್ದು ಬೂಟಬಲ್ ಪೆನ್‌ಡ್ರೈವ್, ಅಂದರೆ ಮತ್ತೆ ಹೊರಗಿನ ಒಂದು ಕೈ. ಪೆನ್‌ಡ್ರೈವಿನಲ್ಲಿರುವ ಲಿನಕ್ಸನ್ನು ಲೈವ್ ಆಗಿ ಏಳಿಸಿ, ಡಿಸ್ಕಿನಲ್ಲಿರುವ ಲಿನಕ್ಸಿನ ರೂಟ್ ಪಾರ್ಟಿಶನ್ ಮೌಂಟ್ ಮಾಡಬೇಕು. ಯುಇಎಫ್ಐ ಆಗಿದ್ದರೆ ಇಎಫ್ಐ ಪಾರ್ಟಿಶನ್ನನ್ನೂ ಅದರೊಳಗೆ ಸೇರಿಸಬೇಕು. ಡೆವ್, ಪ್ರಾಕ್, ಸಿಸ್ ಫೋಲ್ಡರುಗಳನ್ನು ಜೋಡಿಸಿ, ಚ್‌ರೂಟ್ ಕಮಾಂಡಿನಿಂದ ಒಳಹೊಕ್ಕರೆ ಮಲಗಿದ್ದ ವ್ಯವಸ್ಥೆಯೊಳಗೇ ನಿಂತಂತೆ. ಅಲ್ಲಿಂದ ಗ್ರಬ್-ಇನ್‌ಸ್ಟಾಲ್ ಕೊಟ್ಟರೆ ಮೊದಲ ತುಣುಕು ಮರಳಿ ಬರುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಅಪ್‌ಡೇಟ್-ಗ್ರಬ್ ಕೊಟ್ಟರೆ ಮೆನು ಹೊಸದಾಗಿ ಬರೆಯಲ್ಪಡುತ್ತದೆ.

ಆಮೇಲೆ ಲಿನಕ್ಸ್ ಎದ್ದು, ಈ ಸಲ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್, 2021ರ ಗ್ರಬ್ 2.06ರಿಂದ ತಾನಾಗಿ ಓಡುವುದಿಲ್ಲ. ಗ್ರಬ್‌ನ ಡಿಫಾಲ್ಟ್ ಕಡತದಲ್ಲಿ ಅದನ್ನು ತಡೆದಿರುವ ಆಯ್ಕೆಗೆ ‘ಫಾಲ್ಸ್’ ಎಂದು ಬರೆದು, ಅಪ್‌ಡೇಟ್-ಗ್ರಬ್ ಇನ್ನೊಮ್ಮೆ ಕೊಡಿ.