ಒಂದು ಪೌಂಡು ಧಾನ್ಯ: ಮದರಾಸಿನ ಬರದಲ್ಲಿ ಉಪಯುಕ್ತತಾವಾದ

ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಳೆ ಮೈಸೂರಿನ ಜನ ನೆನೆಯುತ್ತಿದ್ದ 1876–78ರ ಕ್ಷಾಮ ಮದರಾಸು ಪ್ರಾಂತವನ್ನೂ ಹಿಂಡಿತು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಗಳ ಕೂಲಿಯನ್ನು ಇಳಿಸಿದ. ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಇನ್ನು ಸಿಗುವುದು ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಮೇಲೊಂದಿಷ್ಟು ಚಿಲ್ಲರೆ ಕಾಸು. ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ವಿಲಿಯಂ ಕಾರ್ನಿಶ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದ.

ಇಬ್ಬರೂ ತತ್ತ್ವಜ್ಞಾನಿಗಳಲ್ಲ. ಆದರೂ ಉಪಯುಕ್ತತಾವಾದದ ಶಕ್ತಿ, ಅಪಾಯಗಳೆರಡೂ ಈ ಜಗಳದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ.

ಕೃತ್ಯವೊಂದು ಸರಿಯೋ ತಪ್ಪೋ ಎಂಬುದನ್ನು ಅದರ ಫಲದಿಂದ ಅಳೆಯಬೇಕು. ಆ ಅಳತೆಯಲ್ಲಿ ದೊರೆಯ ಸುಖಕ್ಕೂ ಕೂಲಿಯವನ ಸುಖಕ್ಕೂ ಒಂದೇ ತೂಕ. ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳಿದು. ಅವನ ಶಿಷ್ಯ ಜೇಮ್ಸ್ ಮಿಲ್ 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿ ಸೇರಿ, ಥಾಮಸ್ ಮನ್ರೊ ಮದರಾಸಿನಲ್ಲಿ ನೆಲೆಗೊಳಿಸಿದ ರಯತವಾರಿ ಪದ್ಧತಿಯನ್ನು ಬೆಂಬಲಿಸಿದ. ಮಗ ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ ಅದೇ ಕಚೇರಿಯಲ್ಲಿ ದುಡಿದ. ಹೀಗೆ ಈ ವಿಚಾರಧಾರೆ ಭಾರತಕ್ಕೆ ಬಂದದ್ದು ಬಹುಮಟ್ಟಿಗೆ ಕಂದಾಯದ ಕಡತಗಳ ಮೂಲಕ.

ಟೆಂಪಲ್‌ನ ಹಿನ್ನೆಲೆಯನ್ನೂ ನೋಡಬೇಕು. 1874ರ ಬಿಹಾರದ ಬರದಲ್ಲಿ ಅವನು ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ; ದುಂದುಗಾರನೆಂಬ ಟೀಕೆಗೆ ಗುರಿಯಾಗಿದ್ದ. ಮದರಾಸಿನಲ್ಲಿ ಅವನು ಬೊಕ್ಕಸದ ಉಳಿತಾಯವನ್ನೇ ಒಳಿತೆಂದು ಎಣಿಸಿದ. ಕಾರ್ನಿಶ್ ಕೂಡ ಫಲವನ್ನೇ ಕೇಳಿದ, ಆದರೆ ದುಡಿಯುವವರ ದೇಹದಲ್ಲಿ ಹುಡುಕಿದ. ಬರಿಯ ಒಂದು ಪೌಂಡು ಧಾನ್ಯದಲ್ಲಿ ದುಡಿಯುವ ಶರೀರ ಉಳಿಯದು, ಬೇಳೆ ತರಕಾರಿಯೂ ಬೇಕು ಎಂದು ವಾದಿಸಿದ. ಕೆಲವೇ ತಿಂಗಳಲ್ಲಿ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು. ಬೆಂಥಮ್‌ನ ಮಾತಿಗೆ ನಿಷ್ಠನಾಗಿದ್ದವನು ಕಾರ್ನಿಶ್‌ನೇ ಹೊರತು ಟೆಂಪಲ್ ಅಲ್ಲ. ಸತ್ತವರ ನೋವನ್ನು ಕೂಡಿಸದ ಲೆಕ್ಕ ಎಲ್ಲರ ಸುಖದ ಲೆಕ್ಕ ಹೇಗಾದೀತು?

ಈ ವಾದದ ಕವಲುಗಳು ಹುಟ್ಟಿದ್ದು ಇಂಥ ಇಕ್ಕಟ್ಟುಗಳಿಂದಲೇ. ಸುಖಗಳಲ್ಲೂ ಮೇಲುಕೀಳುಂಟು ಎಂದು ಕಿರಿಯ ಮಿಲ್ 1861ರಲ್ಲಿ ಬರೆದ. ದುಃಖ ತಗ್ಗಿಸುವುದೇ ಮೊದಲ ಕರ್ತವ್ಯ ಎಂದು ಕಾರ್ಲ್ ಪಾಪರ್ 1945ರಲ್ಲಿ ವಾದಿಸಿದ. 20ನೇ ಶತಮಾನದ ಚಿಂತಕರು ಕೃತ್ಯ, ನಿಯಮ ಎಂದು ಇನ್ನೊಂದು ಗೆರೆ ಎಳೆದರು: ಪ್ರತಿ ಕೆಲಸದ ಫಲವನ್ನೂ ಆಗಿಂದಾಗ್ಗೆ ಎಣಿಸುವುದು ಒಂದು ದಾರಿ, ಎಲ್ಲರೂ ಪಾಲಿಸಿದರೆ ಒಳಿತಾಗುವ ನಿಯಮವನ್ನು ಮೊದಲೇ ಕಟ್ಟಿಕೊಳ್ಳುವುದು ಇನ್ನೊಂದು. 1880ರ ಕ್ಷಾಮ ಆಯೋಗ, ಅದರ ಬೆನ್ನಿಗೆ ಬಂದ ಕ್ಷಾಮ ಸಂಹಿತೆಗಳು ಈ ಎರಡನೆಯ ದಾರಿಯವು. ಯಾವಾಗ ಕಾಮಗಾರಿ ತೆರೆಯಬೇಕು, ಕೂಲಿ ಎಷ್ಟು ಎಂಬುದು ಅಲ್ಲಿಂದ ಒಬ್ಬ ಅಧಿಕಾರಿಯ ಮರ್ಜಿಗೆ ಬಿಟ್ಟ ಮಾತಾಗಿ ಉಳಿಯಲಿಲ್ಲ. ಅಷ್ಟರಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು.

ಬಳ್ಳಾರಿ 1953ರವರೆಗೂ ಮದರಾಸಿನ ಜಿಲ್ಲೆಯಾಗಿತ್ತು. ಈ ಬರದಲ್ಲಿ ಅದು ತೀವ್ರವಾಗಿ ನಲುಗಿತು. ಆ ಕಾಲದ ಸರ್ಕಾರಿ ದಾಖಲೆಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಕನ್ನಡದ ಯುವ ಸಂಶೋಧಕರು ಅಲ್ಲಿಗೆ ಹೋಗಿ ಆ ಕಡತಗಳನ್ನು ಓದಬೇಕು.