ಫೋನಿನ ಹವಾಮಾನ ಆ್ಯಪ್: ಓದುವ ಬಗೆ ತಿಳಿದರೆ ಉಪಯುಕ್ತ

ರಾಯಚೂರು: ರಸ್ತೆ ಬದಿಯಲ್ಲಿ ಭತ್ತ ಒಣಹಾಕಿದ ರೈತನಿಗೆ ಅನಿರೀಕ್ಷಿತವಾಗಿ ಸುರಿಯುವ ಅರ್ಧ ತಾಸಿನ ಮಳೆ ಇಡೀ ಬೆಳೆಯ ದರವನ್ನೇ ಇಳಿಸಬಲ್ಲದು. ಜಿಲ್ಲೆಯ ಬಾಗಲವಾಡ, ಮಾನ್ವಿ, ದೇವದುರ್ಗ ಸೀಮೆಯಲ್ಲಿ ಇಂದು ಮೋಡ ನೋಡುವ ಮುನ್ನ ಫೋನ್ ನೋಡುವವರೇ ಹೆಚ್ಚು. ಆದರೆ ಅದರಲ್ಲಿನ ಅಂಕಿಗಳ ಅರ್ಥ ತಿಳಿದವರು ಕಡಿಮೆ.

ಪರದೆಯ ಮೇಲೆ ಊರಿನ ಹೆಸರು ಕಂಡಮಾತ್ರಕ್ಕೆ ಆ ಊರಿನಲ್ಲಿ ಮಾಪನ ಕೇಂದ್ರವಿದೆ ಎಂದಲ್ಲ. ಕಂಪ್ಯೂಟರ್ ಮಾದರಿಯು ಭೂಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. ಭಾರತೀಯ ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ಮಾದರಿಯಲ್ಲಿ ಈ ಚೌಕದ ಅಳತೆ 6 ಕಿ.ಮೀ.; ಅದಕ್ಕೆ ಮುನ್ನ 12 ಕಿ.ಮೀ. ಇತ್ತು. ಬೇಸಿಗೆಯ ಗುಡುಗುಮಳೆ ಒಂದು ಹೊಲಕ್ಕೆ ಸುರಿದು ಪಕ್ಕದ ಹೊಲವನ್ನು ಬಿಟ್ಟು ಹೋಗುವುದು ಇಲ್ಲಿನವರಿಗೆ ಹೊಸದಲ್ಲ. ಅಂತಹ ಮಳೆಯ ಜಾಗವನ್ನು ಯಾವ ಆ್ಯಪ್ ಕೂಡ ಮುನ್ನಾದಿನವೇ ಗುರುತಿಸಲಾರದು.

ಮೊದಲು ಮಾಡಬೇಕಾದದ್ದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹವಾಮಾನ ಆ್ಯಪ್‌ಗೆ ನಿಖರ ಸ್ಥಳದ ಅನುಮತಿ ನೀಡುವುದು. ಇಲ್ಲವಾದರೆ ಹಳ್ಳಿಯಲ್ಲಿದ್ದವರಿಗೂ ದೂರದ ಪಟ್ಟಣದ ಮುನ್ಸೂಚನೆಯೇ ಕಾಣಿಸಬಹುದು. ನಗರದಲ್ಲಿರುವವರು ತಮ್ಮ ಊರನ್ನು ಎರಡನೆಯ ಸ್ಥಳವಾಗಿ ಸೇರಿಸಿಕೊಳ್ಳಬಹುದು. ಅದೇ ಹೆಸರಿನ ಬೇರೆ ಊರು ಆಯ್ಕೆಯಾಗದಂತೆ ಜಿಲ್ಲೆಯ ಹೆಸರು ನೋಡಿಕೊಳ್ಳಬೇಕು.

ಹೆಚ್ಚಿನ ಗೊಂದಲ ಶೇಕಡಾವಾರಿನದು. ‘ಮಳೆ ಶೇ 40’ ಎಂದರೆ ದಿನದ ಶೇ 40 ಭಾಗ ಮಳೆ ಎಂದಲ್ಲ, ಜೋರು ಮಳೆ ಎಂದೂ ಅಲ್ಲ. ಇಂಥದ್ದೇ ಹತ್ತು ದಿನಗಳಲ್ಲಿ ಸುಮಾರು ನಾಲ್ಕು ದಿನ ಅಳೆಯುವಷ್ಟು ಮಳೆ ಬರುವ ಸಂಭವವಿದೆ ಎಂಬುದಷ್ಟೇ ಅದರ ಅರ್ಥ. ಎಷ್ಟು ಮಳೆ ಎಂಬುದಕ್ಕೆ ಮಿ.ಮೀ. ಅಂಕಿಯನ್ನೇ ನೋಡಬೇಕು. 24 ತಾಸಿನಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ. ಇಲಾಖೆಯ ಮಳೆ ಲೆಕ್ಕದ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಹೀಗಾಗಿ ಮಧ್ಯರಾತ್ರಿಯಿಂದ ದಿನ ಎಣಿಸುವ ಆ್ಯಪ್‌ನ ಅಂಕಿ ಪತ್ರಿಕೆಯ ಅಂಕಿಗೆ ತಾಳೆಯಾಗದಿದ್ದರೆ ಅಚ್ಚರಿಪಡಬೇಕಿಲ್ಲ.

ಹತ್ತಿಗೆ ಔಷಧಿ ಸಿಂಪಡಿಸುವವರಿಗೆ ಹತ್ತು ದಿನಗಳ ಪಟ್ಟಿಗಿಂತ ತಾಸುವಾರು ಪಟ್ಟಿಯೇ ಮುಖ್ಯ. ಅದರಲ್ಲಿ ಗಾಳಿಯ ವೇಗ ಮತ್ತು ಮುಂದಿನ ಕೆಲವು ತಾಸುಗಳ ಮಳೆ ನೋಡಬೇಕು. ಒಂದು ವಾರದಾಚೆಯ ಮುನ್ಸೂಚನೆಯನ್ನು ನಂಬಿ ಮದುವೆ ಚಪ್ಪರದ ನಿರ್ಧಾರ ಮಾಡದಿರುವುದೇ ಲೇಸು.

ಸಿಡಿಲಿನ ವಿಷಯದಲ್ಲಿ ಮಾತ್ರ ಫೋನಿನೊಂದಿಗೇ ಬಂದ ಆ್ಯಪ್ ಸಾಲದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ನೀಡುತ್ತದೆ. ರೈತರಿಗಾಗಿ 2019ರಲ್ಲಿ ಬಂದ ‘ಮೇಘದೂತ್’ ಕನ್ನಡದಲ್ಲೂ ಲಭ್ಯವಿದ್ದು, ಬೆಳೆ ಸಲಹೆಯನ್ನು ಒಳಗೊಂಡಿದೆ. ಬಿದ್ದ ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಯೇ ಹೆಚ್ಚು ನೆಚ್ಚತಕ್ಕದ್ದು. ಕೇಂದ್ರವು ರಾಜ್ಯದಾದ್ಯಂತ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿದೆ.

ಗುಡುಗು ಕಿವಿಗೆ ಬಿದ್ದ ಮೇಲೆ ಫೋನ್ ನೋಡುತ್ತ ಮರದಡಿ ನಿಲ್ಲಬಾರದು. ಕುರಿಗಾಹಿಗಳು, ಕೂಲಿಕಾರರು ಕೂಡಲೇ ಪಕ್ಕಾ ಕಟ್ಟಡದೊಳಗೆ ಸೇರಬೇಕು.